ಗುಪ್ತ ಮತದಾನಕ್ಕೊಂದು ಮುಯ್ಯಾಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಅಮ್ಮನಿಂದ ಹಿಡಿದು ನಮ್ಮ ಶಾಲೆಯ ಹೆಡ್‌ಮಾಸ್ಟರ ತನಕ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಆದರೆ ಐದು, ಆರು, ಏಳನೇ ತರಗತಿಯವರಿಗೆ ಸಮಾಜ ವಿಜ್ಞಾನ ಹೇಳಿಕೊಡುವವಳ ಸಿಟ್ಟು ಬೇರೆಲ್ಲಿರಲು ಸಾಧ್ಯ? ಕೊಪ್ಪದಿಂದ ಭಂಡಿಗಡಿ ಕಡೆಗಿರುವ ನಮ್ಮ ಶಾಲೆಯಲ್ಲಿ ಒಮ್ಮೆ ಬಂದು ಕುಳಿತು ನೋಡಬೇಕು.

ದೇಶದ ಗಡಿ ಎಂದರೇನು ಎಂದು ಕೇಳಿದರೆ ಮಕ್ಕಳು, "ಅಗಳು ಟೀಚರ್" ಎನ್ನುತ್ತಾರೆ. ಎರಡು ತೋಟಗಳ ನಡುವೆ ತೋಡಿದ ಕಂದಕಕ್ಕೆ ನಮ್ಮಲ್ಲಿ ಅಗಳು ಎಂದು ಹೆಸರು. ಇರಲಿ, ತಪ್ಪೇನಿಲ್ಲ. ಗಡಿ ದಾಟಿ ಒಳಗೆ ಬಂದರೆ ಆ ದೇಶ ಏನು ಮಾಡುತ್ತದೆ ಎಂದು ಮುಂದಿನ ಪ್ರಶ್ನೆ. "ಕಟ್ಟಿ ಹಾಕ್ತಾರೆ ಟೀಚರ್. ಹಾಲು ಕರ್ಕೊಂಡು ಸಂಜೆ ಬಿಟ್ಟು ಕಳಿಸ್ತಾರೆ." ಸರ್ಕಾರದ ಮೂರು ಅಂಗಗಳನ್ನು ಬರೆಯಿರಿ ಎಂದದ್ದಕ್ಕೆ ಒಬ್ಬ ಕರೆಂಟಿನವರು, ಫಾರೆಸ್ಟಿನವರು, ರೇಷನ್ನಿನವರು ಎಂದು ಬರೆದು, ಮೂರನೆಯದರ ಮುಂದೆ 'ತಿಂಗಳಿಗೊಮ್ಮೆ' ಎಂದು ಸೇರಿಸಿದ್ದ. ನಾನು ಅದಕ್ಕೆ ಸೊನ್ನೆ ಹಾಕಿದೆ. ಹೆಡ್‌ಮಾಸ್ಟರು ಅದನ್ನು ನೋಡಿ ಅರ್ಧ ಅಂಕವಾದರೂ ಕೊಡಬಹುದಿತ್ತು ಎಂದರು.

ಹೀಗಿರುವಾಗ ನನ್ನನ್ನು ನರಸಿಂಹರಾಜಪುರಕ್ಕೆ ಎರಡು ದಿನದ ತರಬೇತಿಗೆ ಕಳಿಸಿದರು. ಕಲಿಕೆಯೆಲ್ಲ ಮಗುವಿನ ಅನುಭವದಿಂದಲೇ ಹೊರಡಬೇಕು, ಪಾಠಕ್ಕಿಂತ ಚಟುವಟಿಕೆ ಮುಖ್ಯ ಎಂದು ಅಲ್ಲಿ ಹೇಳಿದರು. ನಾನು ಅದನ್ನು ಬರೆದುಕೊಂಡು ಕೆಳಗೆ ಎರಡು ಗೆರೆಯನ್ನೂ ಎಳೆದೆ. ಊಟಕ್ಕೆ ಒಳ್ಳೆಯ ಕೇಸರಿಬಾತು ಹಾಕಿದ್ದರಿಂದ ಹೇಳಿದ್ದೆಲ್ಲವೂ ನಿಜವೆನ್ನಿಸಿತ್ತು. ವಾಪಸ್ಸು ಬಂದವಳೇ ಪ್ರಜಾಪ್ರಭುತ್ವದ ಪಾಠವನ್ನು ಪುಸ್ತಕದಿಂದ ಓದಿಸುವುದಿಲ್ಲ, ಚುನಾವಣೆಯನ್ನೇ ಮಾಡಿಬಿಡುತ್ತೇನೆ ಎಂದು ಸಾರಿದೆ. ಗೆದ್ದವರು ಶಾಲೆಯ ಮುಖ್ಯಮಂತ್ರಿ. ಗಂಟೆ ಹೊಡೆಯುವ ಅಧಿಕಾರ ಅವರದ್ದು.

ಐದರಿಂದ ಏಳರವರೆಗೆ ಒಟ್ಟು ಇಪ್ಪತ್ತೊಂದು ಮಕ್ಕಳು. ಏಳನೇ ತರಗತಿಯ ಒಬ್ಬ ಉದ್ದನೆಯ ಹುಡುಗ ತಕ್ಷಣ ಎದ್ದು ನಿಂತ. ಅವನ ಮನೆಯವರ ತೋಟ ಶಾಲೆಯ ಬೇಲಿಗೇ ತಾಗಿಕೊಂಡಿದೆ. ಕ್ರಿಕೆಟ್ಟಿನ ಬ್ಯಾಟೂ ಅವನದ್ದೇ. ಬೇರೆ ಯಾರೂ ಏಳಲಿಲ್ಲ. ಎದುರಾಳಿ ಇಲ್ಲದ ಮೇಲೆ ಚುನಾವಣೆ ಎಲ್ಲಿಂದ ಬಂತು ಎಂದು ನಾನು ರೇಗುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ಕೈ ಮೇಲೆ ಬಂತು.

"ನಾನೂ ನಿಂದ್ರತೇನ್ರಿ ಟೀಚರ್."

ಎಸ್ಟೇಟಿನ ಲೈನ್ ಮನೆಯ ಹುಡುಗಿ. ಅವಳ ಅಪ್ಪ ಅಮ್ಮ ಗದಗದ ಕಡೆಯಿಂದ ಕಾಫಿ ತೋಟದ ಕೆಲಸಕ್ಕೆ ಬಂದವರು. ಜೂನ್‌ನಲ್ಲಿ ಶಾಲೆಗೆ ಸೇರಿದ್ದಳು. ಲೆಕ್ಕದಲ್ಲಿ ಚುರುಕು, ಮಾತು ಕಡಿಮೆ. ಅವಳನ್ನು ಯಾರೂ ಬೈಯುತ್ತಿರಲಿಲ್ಲ, ದೂಡುತ್ತಿರಲಿಲ್ಲ. ಸುಮ್ಮನೆ ಯಾವುದಕ್ಕೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ ಅಷ್ಟೆ. ನಮ್ಮ ಶಾಲೆಯ ಕೈತೋಟದಲ್ಲಿ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಸಾಲು. ನೀರು ಹಾಕುವುದು ಅವರವರ ಕೆಲಸ. ಯಾರಾದರೂ ರಜೆ ಹಾಕಿದರೆ ಅವರ ಸಾಲಿಗೆ ಇನ್ನೊಬ್ಬರು ನೀರು ಹಾಕುತ್ತಾರೆ, ಆಮೇಲೆ ಇವರು ಅವರದ್ದಕ್ಕೆ ಹಾಕುತ್ತಾರೆ. ಇದನ್ನು ನಾವು ಯಾರೂ ಕಲಿಸಿದ್ದಲ್ಲ. ಆದರೆ ನವೆಂಬರಿನಲ್ಲಿ ಈ ಹುಡುಗಿ ಜ್ವರವೆಂದು ನಾಲ್ಕು ದಿನ ಬರದಿದ್ದಾಗ ಅವಳ ಬದನೆ ಸಾಲೊಂದೇ ಬಾಡಿ ಜೋತುಬಿದ್ದಿತ್ತು. ಆಚೆ ಈಚೆಯ ಸಾಲುಗಳಲ್ಲಿ ಮಣ್ಣು ಹಸಿಯಾಗಿಯೇ ಇತ್ತು. ನನಗೆ ಅವತ್ತು ಬಹಳ ಬೇಜಾರಾಗಿತ್ತು. ಬೇಜಾರಾದಾಗ ನಾನು ಮಾಡುವುದನ್ನೇ ಮಾಡಿದ್ದೆ, ಅಂದರೆ ಎಲ್ಲರಿಗೂ ಚೆನ್ನಾಗಿ ಬೈದಿದ್ದೆ. ಅದರಿಂದ ಬದನೆಗೇನೂ ಉಪಯೋಗವಾಗಲಿಲ್ಲ.

ಅವಳು ಚುನಾವಣೆಗೆ ನಿಂತದ್ದು ನೋಡಿ ನನಗೆ ಹೆದರಿಕೆಯಾಯಿತು. ಒಂದೂ ಮತ ಬರದಿದ್ದರೆ ಏನು ಗತಿ? ಹೊರಗೆ ಕರೆದು, "ಸೋತ್ರೆ ಬೇಜಾರು ಮಾಡ್ಕೊಳ್ಬಾರ್ದು, ಹಾಂ?" ಎಂದೆ.

"ಗೆಲ್ಲಾಕ ನಿಂತಿಲ್ರಿ," ಎಂದಳು. "ಯಾರರ ಒಬ್ಬರು ನನಗೂ ಕೊಡ್ತಾರಲ್ರಿ. ಆಮ್ಯಾಲ ನಾನು ಅವರಿಗೆ ತಿರುಗಿ ಕೊಡಬೋದು."

ಏನು ತಿರುಗಿ ಕೊಡುತ್ತಾಳೆ ಎಂದು ನಾನು ಯೋಚಿಸಲಿಲ್ಲ. ಮತಪೆಟ್ಟಿಗೆ ಮಾಡಲು ಬಿಸಿಯೂಟದ ಅಡುಗೆಯವರ ಹತ್ತಿರ ಖಾಲಿ ಡಬ್ಬ ಕೇಳಬೇಕಿತ್ತು. ಅವರು ಕೊಟ್ಟ ಡಬ್ಬದಲ್ಲಿ ಸಾರಿನ ಪುಡಿಯ ವಾಸನೆ ಹೋಗಿರಲಿಲ್ಲ. ಮತ ಎಣಿಸುವಾಗ ಮೂರು ಸಲ ಸೀನಿದೆ.

ಮತದಾನ ಬಹಳ ಶಿಸ್ತಿನಿಂದ ನಡೆಯಿತು. ನೀಲಿ ಶಾಯಿ ಹಚ್ಚಿಸಿಕೊಂಡ ಬೆರಳನ್ನು ಐದನೆಯವರು ಊಟಕ್ಕೂ ಮಡಚಲಿಲ್ಲ. ಡಬ್ಬ ತೆರೆದು ಮೊದಲ ಚೀಟಿ ಬಿಡಿಸಿದೆ. ಉದ್ದ ಹುಡುಗನ ಹೆಸರು. ಅದರ ಕೆಳಗೆ 'ಕೊಟ್ಟವರು' ಎಂದು ಬರೆದು ಮತ ಹಾಕಿದವಳ ಹೆಸರು, ತರಗತಿ. ಪಾಪ, ತಿಳಿಯದೆ ಬರೆದಿದ್ದಾಳೆ ಎಂದು ಎರಡನೆಯದನ್ನು ಬಿಡಿಸಿದೆ. ಅದರಲ್ಲೂ ಹಾಗೇ. ಮೂರನೆಯವನು ಮನೆಯ ಹೆಸರನ್ನೂ, ಅಪ್ಪನ ಹೆಸರನ್ನೂ ಬರೆದು ಸಹಿ ಮಾಡಿದ್ದ. ಇಪ್ಪತ್ತೊಂದು ಚೀಟಿಗಳಲ್ಲಿ ಇಪ್ಪತ್ತೊಂದರಲ್ಲೂ ಕೊಟ್ಟವರ ಹೆಸರು!

ಸಿಟ್ಟು ನೆತ್ತಿಗೇರಿತು. "ಗುಪ್ತ ಮತದಾನ ಅಂತ ಹತ್ತು ಸಲ ಬೋರ್ಡ್ ಮೇಲೆ ಬರೆದಿದ್ದು ಯಾರಿಗೆ? ಗೋಡೆಗಾ?"

ಆರನೇ ತರಗತಿಯ ಒಬ್ಬಳು ಧೈರ್ಯ ಮಾಡಿ ಎದ್ದಳು. "ಅಲ್ಲ ಟೀಚರ್, ಹೆಸ್ರು ಬರೀದೇ ಇದ್ರೆ ನಾವು ಕೊಟ್ಟಿದ್ದು ಅವ್ನಿಗೆ ಹೆಂಗೆ ಗೊತ್ತಾಗೂದು? ಮುಖ ತೋರಿಸ್ದೇ ಯಾರಾದ್ರೂ ಮುಯ್ಯಾಳು ಹೋಗ್ತಾರಾ?"

ನಾನು ಅಲ್ಲೇ ಕುರ್ಚಿಯಲ್ಲಿ ಕುಳಿತೆ. ಇದೇ ಸೀಮೆಯ ನೆಮ್ಮಾರಿನ ಹುಡುಗಿ ನಾನು, ಮುಯ್ಯಾಳು ಎಂದರೆ ನನಗೆ ಯಾರೂ ವಿವರಿಸಬೇಕಾಗಿಲ್ಲ. ನಾಟಿಗೋ ಕೊಯ್ಲಿಗೋ ಜನ ಬೇಕಾದಾಗ ಪಕ್ಕದ ಮನೆಯವರು ಬಂದು ಒಂದು ದಿನ ದುಡಿಯುತ್ತಾರೆ. ಅವರಿಗೆ ಬೇಕಾದಾಗ ನಮ್ಮ ಮನೆಯಿಂದ ಒಬ್ಬರು ಹೋಗಿ ಒಂದು ದಿನ ದುಡಿಯಬೇಕು. ಕೂಲಿಯ ಮಾತೇ ಇಲ್ಲ. ಈಗ ಯಂತ್ರ ಬಂದು ಕಡಿಮೆಯಾಗಿದೆ, ಆದರೆ ಈ ಮಕ್ಕಳ ಮನೆಗಳಲ್ಲಿ ಇನ್ನೂ ನಿಂತಿಲ್ಲ. ನನ್ನ ಅಪ್ಪ ಹೋಗಬೇಕಾದ ಮುಯ್ಯಾಳಿಗೆ ಜ್ವರದಲ್ಲೂ ಹೋಗಿದ್ದು ನೆನಪಿದೆ. ಮತವನ್ನು 'ಕೊಡುವುದು' ಎಂದು ನಾನೇ ಪಾಠ ಮಾಡಿದ್ದೆ. ಕೊಟ್ಟದ್ದು ತಿರುಗಿ ಬರಬೇಕು ಎಂದು ಅವರು ತಮ್ಮ ಅನುಭವದಿಂದಲೇ ಹೊರಟಿದ್ದರು. ನಾನು ಎರಡು ಗೆರೆ ಎಳೆದುಕೊಂಡು ಬಂದದ್ದು ಇದಕ್ಕೇ ತಾನೆ.

ಫಲಿತಾಂಶ ಹೀಗಿತ್ತು: ಹುಡುಗನಿಗೆ ಇಪ್ಪತ್ತು, ಹುಡುಗಿಗೆ ಒಂದು. ಆ ಒಂದರ ಕೆಳಗೆ ಕೊಟ್ಟವರ ಹೆಸರು ನೋಡಿದರೆ ಎದುರಾಳಿಯದ್ದೇ! ಅವಳ ಮತ ಹೋಗಿದ್ದು ಅವನಿಗೆ. ನೀನು ನಿನಗೇ ಯಾಕೆ ಹಾಕಿಕೊಳ್ಳಲಿಲ್ಲವೋ ಎಂದು ಹುಡುಗನನ್ನು ಕೇಳಿದರೆ ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ.

"ತನ್ನ ಮನೆಗೆ ತಾನೇ ಮುಯ್ಯಾಳು ಹೋಗೂದು ಹೆಂಗೆ ಟೀಚರ್?"

ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು ನಗುತ್ತಿದ್ದರು. "ಬಿಡಿ ಮಾರಾಯ್ತಿ, ದೇಶದಲ್ಲೂ ಹಿಂಗೇ ನಡೀತಿದ್ರೆ ಎಷ್ಟು ಚೆಂದ ಇತ್ತು," ಎಂದರು. ನಾನು ಬಿಡಲಿಲ್ಲ. ಚುನಾವಣೆ ರದ್ದು, ನಾಳೆ ಮರುಮತದಾನ ಎಂದು ಚೀಟಿಗಳನ್ನೆಲ್ಲ ಹರಿದುಹಾಕಿದೆ. ಆಗ ಆ ಹುಡುಗಿಯ ಮುಖ ಸಣ್ಣದಾಯಿತು. ಅವಳಿಗೆ ಸಿಕ್ಕಿದ್ದ ಒಂದು ಚೀಟಿ, ಹೆಸರಿದ್ದ ಚೀಟಿ, ನನ್ನ ಕೈಯಲ್ಲಿ ಹರಿದುಹೋಗಿತ್ತು.

ಮರುದಿನ ಒಂದು ಗಂಟೆ ಪಾಠ ಮಾಡಿದೆ. ಮತ ಮುಯ್ಯಾಳಲ್ಲ. ಯಾರಿಗೆ ಹಾಕಿದಿರೆಂದು ಯಾರಿಗೂ ತಿಳಿಯುವುದಿಲ್ಲ, ಯಾರೂ ತಿರುಗಿ ಕೊಡಬೇಕಾಗಿಲ್ಲ, ನಿಮಗೆ ನೀವೇ ಹಾಕಿಕೊಂಡರೂ ಪಾಪವಿಲ್ಲ. ಹೆಸರು ಬರೆದವರಿಗೆ ಇಡೀ ವಾರ ಆಟವಿಲ್ಲ. ಕೊನೆಯದು ಎಲ್ಲರಿಗೂ ಕೂಡಲೇ ಅರ್ಥವಾಯಿತು.

ಎಣಿಸಿದಾಗ ಹುಡುಗನಿಗೆ ಹನ್ನೆರಡು, ಹುಡುಗಿಗೆ ಒಂಬತ್ತು. ಖುಷಿಯಿಂದ ಇನ್ನೊಮ್ಮೆ ಎಣಿಸಿದೆ. ಯಾರಿಗೂ ತಿಳಿಯುವುದಿಲ್ಲ ಎಂದ ಕೂಡಲೇ ಒಂಬತ್ತು! ಹುಡುಗ ಗೆದ್ದು ಓಡಿಹೋಗಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಗಂಟೆ ಹೊಡೆದ. ಹುಡುಗಿ ನನ್ನ ಮೇಜಿನ ಹತ್ತಿರ ಬಂದಳು.

"ಟೀಚರ್, ಆ ಒಂಬತ್ತು ಮಂದಿ ಯಾರ್ರಿ?"

"ಅದು ಗುಟ್ಟು. ನಂಗೂ ಗೊತ್ತಿಲ್ಲ."

"ಹಂಗಾರ ತಿರುಗಿ ಹೆಂಗ ಕೊಡ್ಲಿ?"

ಒಂದು ಗಂಟೆಯ ಪಾಠ ಸಾರಿನ ಪುಡಿಯ ಡಬ್ಬದಲ್ಲೇ ಉಳಿದಿತ್ತು. ತಿರುಗಿ ಕೊಡುವುದು ಬೇಡವೇ ಬೇಡ ಎಂದು ಮತ್ತೆ ಹೇಳಿದೆ. ಅವಳು ತಲೆಯಾಡಿಸಿದಳು, ಆದರೆ ಮುಖ ಒಪ್ಪಿರಲಿಲ್ಲ. ಆರು ತಿಂಗಳು ಕಾದು ಸಿಕ್ಕಿದ್ದನ್ನು ಇಟ್ಟುಕೊಂಡು ಸುಮ್ಮನಿರು ಎಂದರೆ ಯಾರು ಒಪ್ಪುತ್ತಾರೆ?

ಸೋಮವಾರದಿಂದ ಶುರುವಾಯಿತು. ಅವಳು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ದಿನಕ್ಕೆ ನಾಲ್ಕೈದು ಸಾಲಿನಂತೆ ಬೇರೆಯವರ ಗಿಡಗಳಿಗೆ ನೀರು ಹಾಕತೊಡಗಿದಳು. ಗುರುವಾರದ ಹೊತ್ತಿಗೆ ನನಗೆ ಗೊತ್ತಾಯಿತು. ಲೈನ್ ಮನೆಯ ಹುಡುಗಿಯಿಂದ ಎಲ್ಲರೂ ಕೆಲಸ ಮಾಡಿಸಿಕೊಳ್ಳುತ್ತಿದ್ದಾರೆ ಎಂದೇ ತಿಳಿದು ಕೈತೋಟಕ್ಕೆ ನುಗ್ಗಿದೆ. "ಯಾರು ನಿಂಗೆ ಇದನ್ನೆಲ್ಲ ಮಾಡು ಅಂದಿದ್ದು? ಹೆಸ್ರು ಹೇಳು!"

"ಯಾರೂ ಅಂದಿಲ್ರಿ. ಒಂಬತ್ತು ಮಂದಿ ಯಾರಂತ ಗೊತ್ತಿಲ್ಲಲ್ರಿ, ಅದಕ್ಕ ಎಲ್ಲಾರ್ದಕ್ಕೂ ಹಾಕಾಕತ್ತೇನಿ." ಕೊಡ ಕೆಳಗಿಟ್ಟು ಸೇರಿಸಿದಳು. "ನಿಮ್ಮ ಡಸ್ಟರೂ ಕೊಡವಿ ಇಟ್ಟೇನ್ರಿ. ನೀವೂ ಹಾಕಿರಬೋದಲ್ರಿ."

"ನಂಗೆ ಮತವೇ ಇಲ್ಲ ಮಾರಾಯ್ತಿ!"

"ಹಂಗ ಅಂತೀರ್ರಿ. ಗುಟ್ಟಲ್ರಿ?"

ನನಗೆ ನಗು ಬಂತು, ಅದರ ಹಿಂದೆಯೇ ನಾಚಿಕೆಯೂ ಬಂತು. ಮತ ಹಾಕಿದವರು ಯಾರೆಂದು ತಿಳಿಯದ ಕಾರಣ ಎಲ್ಲರ ಕೆಲಸ ಮಾಡಬೇಕು ಎನ್ನುವುದನ್ನು ನಾನು ಯಾವ ತರಗತಿಗೂ ಹೇಳಿಕೊಟ್ಟಿರಲಿಲ್ಲ. ನನಗೆ ಹೊಳೆದೇ ಇರಲಿಲ್ಲ. ಸೋತವಳು ಅದನ್ನು ಒಂದು ಕೊಡ ಹಿಡಿದು ಮಾಡುತ್ತಿದ್ದಳು.

ಆದರೆ ನಮ್ಮ ಮಕ್ಕಳಿಗೆ ಇದರಿಂದ ಹೊಸ ತೊಂದರೆ ಶುರುವಾಯಿತು. ಶುಕ್ರವಾರ ಊಟದ ನಂತರ ಮುಖ್ಯಮಂತ್ರಿಗಳು ನಾನೊಬ್ಬಳೇ ಇರುವಾಗ ನೋಡಿ ಬಂದರು.

"ಟೀಚರ್, ಗುಟ್ಟು ಹೇಳ್ಬೌದಾ? ಎರಡ್ನೇ ಸಲ ನಾನು ನಂಗೇ ಹಾಕ್ಕೊಂಡಿದ್ದು. ಆದ್ರೂ ಅವ್ಳು ನನ್ನ ಬೆಂಡೆಗೆ ನೀರು ಹಾಕ್ಬಿಟ್ಲು. ನಾನು ಕೊಡ್ದೇನೇ ಅವ್ಳು ತಿರುಗಿಸಿದ್ಲು ಅಂದ್ರೆ ಈಗ ಎಂತ ಮಾಡೂದು?"

"ನೀನೇ ಹೇಳು, ಎಂತ ಮಾಡೂದು?"

ಅವನು ಬಾಗಿಲ ಚಿಲಕ ಆಡಿಸಿದ. "ನಾನು ಹೋಗ್ಬೇಕು ಅಲ್ದಾ," ಎಂದ. ಅವನ ನಂತರ ಇನ್ನಿಬ್ಬರು ಬಂದು ಅದನ್ನೇ ಹೇಳಿದರು. ಆಮೇಲೆ ಬಂದ ಒಬ್ಬಳಿಗೆ ಮಾತ್ರ ತಾನು ಯಾರಿಗೆ ಹಾಕಿದ್ದೆಂದೇ ಮರೆತುಹೋಗಿತ್ತು. ಗುಪ್ತ ಮತದಾನದ ಗುಟ್ಟನ್ನು ಅವಳಷ್ಟು ಚೆನ್ನಾಗಿ ಕಾಪಾಡಿದವರು ಬೇರೆ ಯಾರೂ ಇಲ್ಲ.

ಮುಂದಿನ ವಾರ ಹುಡುಗಿಯ ಮನೆಯವರು ಯಾರದ್ದೋ ಮದುವೆಗೆಂದು ಊರಿಗೆ ಹೊರಟರು. ಮೂರು ದಿನ ರಜೆ ಬೇಕೆಂದು ಚೀಟಿ ತಂದಳು. ಕೊಟ್ಟು ಹೋಗುವಾಗ ಕೈತೋಟದ ಕಡೆ ಒಮ್ಮೆ ನೋಡಿದಳು. ನನಗೆ ನವೆಂಬರಿನ ಬಾಡಿದ ಸಾಲು ಕಣ್ಣ ಮುಂದೆ ಬಂತು. ನನ್ನ ಡಸ್ಟರು ಕೊಡವಿ ಇಟ್ಟವಳು ಅವಳು. ನಾನು ಮತ ಹಾಕದವಳು. ಮುಯ್ಯಾಳಿನ ನ್ಯಾಯದ ಪ್ರಕಾರ ನಾನೇ ಹೋಗಬೇಕು.

ಮರುದಿನ ಕೊಪ್ಪದಿಂದ ಮೊದಲ ಬಸ್ಸಿಗೇ ಬಂದೆ. ಸೆರಗು ಸಿಕ್ಕಿಸಿ ಕೊಡ ತುಂಬಿಸಿಕೊಂಡು ಕೈತೋಟಕ್ಕೆ ಹೋದೆ. ಅಲ್ಲಿ ನೋಡಿದರೆ ಅವಳ ಬದನೆ ಸಾಲು ಕೆರೆಯಾಗಿತ್ತು. ಹಿಂದಿನ ದಿನ ಸಂಜೆ ಶಾಲೆ ಬಿಟ್ಟ ಮೇಲೆ ಕೆಲವರು, ಬೆಳಿಗ್ಗೆ ನನಗಿಂತ ಮೊದಲು ಕೆಲವರು ಬಂದು ನೀರು ಹಾಕಿದ್ದರು. ಉದ್ದ ಹುಡುಗನಂತೂ ತನ್ನ ಮನೆ ತೋಟದ ಪೈಪನ್ನೇ ಬೇಲಿಯೊಳಗಿಂದ ಎಳೆದು ತಂದಿದ್ದ. ಐದನೆಯ ಪುಟ್ಟ ಹುಡುಗಿಯೊಬ್ಬಳು ಆಗಲೂ ತನ್ನ ಕುಡಿಯುವ ನೀರಿನ ಬಾಟಲಿಯನ್ನು ಬಗ್ಗಿಸುತ್ತಾ ಕುಳಿತಿದ್ದಳು. ಎರಡು ಗಿಡಗಳು ಬೇರು ಸಡಿಲವಾಗಿ ಒಂದಕ್ಕೊಂದು ಒರಗಿದ್ದವು.

ಆಗಷ್ಟೇ ಬಂದ ಹೆಡ್‌ಮಾಸ್ಟರು ಬೈಕು ನಿಲ್ಲಿಸಿ ಇಣುಕಿದರು. "ಎಂತ ಟೀಚರ್ ಇದು, ಬದನೆ ನೆಟ್ಟಿದ್ದಾ, ಭತ್ತ ನೆಟ್ಟಿದ್ದಾ?"

ಸಾಕು, ಇನ್ನು ಒಂದು ಹನಿ ಹಾಕಿದರೂ ಗಿಡ ಸಾಯುತ್ತದೆ ಎಂದು ನಾನು ಅಲ್ಲಿದ್ದವರಿಗೆಲ್ಲ ಬೈದೆ. ಬೈಯುವಾಗ ಕಣ್ಣಲ್ಲಿ ನೀರು ಬಂದದ್ದನ್ನು ಪುಟ್ಟ ಹುಡುಗಿ ನೋಡಿಬಿಟ್ಟಳು. ಆಮೇಲೆ ತುಂಬಿದ ಕೊಡ ಹೊತ್ತುಕೊಂಡು ವಾಪಸ್ಸು ಬಂದೆ. ನನ್ನ ಮುಯ್ಯಿ ಹಾಕಲು ಆ ಸಾಲಿನಲ್ಲಿ ಜಾಗವೇ ಉಳಿದಿರಲಿಲ್ಲ.