ಉಂಗುರದ ಜಾಗ ಬಿಡದ ಬೂಟು

ಅತ್ತೆಯವರು ಮೊಣಕಾಲಿಗೆ ಹಚ್ಚಿಕೊಳ್ಳಲೆಂದು ನಿನ್ನೆ ಸಂಜೆ ಔಡಲೆಣ್ಣೆ ಬಿಸಿಗಿಟ್ಟಿದ್ದರು. ನಾನು ಆಗಷ್ಟೇ ಕೆಲಸದಿಂದ ಬಂದು ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದೆ. ಬೇರೆಯವರಿಗೆ ಆ ವಾಸನೆ ಎಂದರೆ ಬಾಣಂತಿ ಕೋಣೆ, ಇಲ್ಲವೇ ಹೊಟ್ಟೆ ತೊಳೆಯುವ ಔಷಧ. ನನಗೆ ಮಾತ್ರ ಬೂಟು ನೆನಪಾಗುತ್ತದೆ. ದಪ್ಪ ಚರ್ಮಕ್ಕೆ ಬಿಸಿ ಔಡಲೆಣ್ಣೆ ಕುಡಿಸುತ್ತಿದ್ದ ಎರಡು ಮುದಿ ಕೈಗಳು... ದಣಿದು ಬಂದ ದಿನವೇ ಇಂಥದ್ದೆಲ್ಲ ನೆನಪಾಗಬೇಕೇ ಎಂದು ಸಿಟ್ಟೂ ಬಂತು.

ಆಗ ನನಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಗಜೇಂದ್ರಗಡದ ನೇಕಾರರ ಮನೆಯಿಂದ ರೋಣಕ್ಕೆ ಸೊಸೆಯಾಗಿ ಬಂದಿದ್ದೆ. ಡಿಪ್ಲೊಮಾ ಮುಗಿಸಿದ್ದರಿಂದ ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರ ನಡೆಸುವ ಕಂಪನಿಯೊಂದರಲ್ಲಿ ಟ್ರೇನಿ ಎಂಜಿನಿಯರ್ ಕೆಲಸ ಸಿಕ್ಕಿತ್ತು. ಗಾಳಿಯಂತ್ರ ಎನ್ನುವುದು ನಮ್ಮ ಕಾಗದಪತ್ರದ ಮಾತು, ಊರವರ ಬಾಯಲ್ಲಿ ಅವು ಬರೀ ಫ್ಯಾನು. "ಸೊಸಿ ಎಲ್ಲಿಗೆ ಹೋಗ್ಯಾಳ?" ಎಂದು ಯಾರಾದರೂ ಕೇಳಿದರೆ ಅತ್ತೆಯವರು "ಫ್ಯಾನ್ ಒರಸಾಕ" ಎನ್ನುತ್ತಿದ್ದರು. ಚೇಷ್ಟೆಗೆ ಹೇಳುತ್ತಿದ್ದರೋ ಬೇಸರಕ್ಕೋ, ಇವತ್ತಿಗೂ ನನಗೆ ತಿಳಿದಿಲ್ಲ.

ಆ ಫ್ಯಾನಿನ ಕಂಬದೊಳಗೆ ಒಂದು ಉದ್ದನೆಯ ಏಣಿ ಇರುತ್ತದೆ. ಅದನ್ನು ಹತ್ತಿ ತೋರಿಸಿದವರಿಗೆ ಮಾತ್ರ ಕೆಲಸ ಕಾಯಂ. ಕಂಪನಿ ಬೂಟು ಕೊಟ್ಟಿತ್ತು, ಆದರೆ ಅದರಲ್ಲಿ ಎಲ್ಲಕ್ಕಿಂತ ಸಣ್ಣದೇ ಏಳನೆಯ ನಂಬರು. ನನ್ನ ಕಾಲಿನ ನಂಬರು ನಾಲ್ಕು. ಎರಡು ಜೊತೆ ಕಾಲುಚೀಲ ಹಾಕಿ, ಮುಂದೆ ಹಳೆಯ ಸೀರೆಯ ಚೂರು ತುರುಕಿ ಓಡಾಡುತ್ತಿದ್ದೆ. ಬೆರಳು ಕಾಯಲೆಂದು ಅದರ ಮೂತಿಯೊಳಗೆ ಕೂರಿಸಿದ ಉಕ್ಕಿನ ತಗಡಿನ ಅಂಚು ಸರಿಯಾಗಿ ಕಾಲುಂಗುರದ ಮೇಲೆ ಒತ್ತುತ್ತಿತ್ತು. ಎರಡೇ ದಿನಕ್ಕೆ ಬೆರಳು ಒಡೆದು ರಕ್ತ ಬಂತು. ಮೂರನೆಯ ದಿನದಿಂದ ಗುಡ್ಡ ಮುಟ್ಟಿದ ಕೂಡಲೇ ಕಾಲುಂಗುರ ತೆಗೆದು ಬುತ್ತಿಯ ಚೀಲದಲ್ಲಿ ಹಾಕಿಡತೊಡಗಿದೆ. ಬಳೆ, ತಾಳಿ ಮೊದಲೇ ಅದರಲ್ಲಿರುತ್ತಿದ್ದವು, ಕಂಬ ಹತ್ತುವವರು ಮೈಮೇಲೆ ಏನೂ ಇಟ್ಟುಕೊಳ್ಳಬಾರದೆಂಬ ನಿಯಮ ಇತ್ತು. ಹಣೆಯ ಕುಂಕುಮ ಹೆಲ್ಮೆಟ್ಟಿಗೆ ಹೋಗುತ್ತಿತ್ತು. ಸಂಜೆ ರೋಣದಲ್ಲಿ ಬಸ್ಸಿಳಿದು ನಮ್ಮ ಓಣಿಗೆ ತಿರುಗುವ ಮುಂಚೆ ಎಲ್ಲವನ್ನೂ ಮತ್ತೆ ಹಾಕಿಕೊಳ್ಳುವುದು ನನ್ನ ದಿನಚರಿಯಾಗಿತ್ತು.

ಒಂದು ದಿನ ಹತ್ತನೆಯ ಮೆಟ್ಟಿಲಲ್ಲಿ ಕಾಲು ಮೇಲೆ ಬಂತು, ಬೂಟು ಕೆಳಗೆ ಬಿತ್ತು. ಸೊಂಟಕ್ಕೆ ಹಗ್ಗ ಇದ್ದುದರಿಂದ ಬದುಕಿದೆ. ನಮ್ಮ ಮೇಲಧಿಕಾರಿ ಬೈಯಲಿಲ್ಲ. "ಕಾಲಿಗೆ ಬರೂ ಬೂಟ್ ಎಲ್ಲಿಂದರ ತೊಗೊಂಡ ಬರ್ರಿ. ಹದಿನೈದು ದಿನದಾಗ ಹತ್ತಿ ತೋರಿಸಬೇಕ್ರಿ. ಇಲ್ಲಾಂದ್ರ ನಾನೂ ಏನೂ ಮಾಡಾಕ ಬರೂದಿಲ್ಲ," ಎಂದರು. ಗದಗ, ಹುಬ್ಬಳ್ಳಿ ಎಲ್ಲ ತಿರುಗಿದೆ. ಹೆಂಗಸರ ಬೂಟು ಎಂದರೆ ಎತ್ತರದ ಹಿಮ್ಮಡಿಯ, ಪಕ್ಕಕ್ಕೆ ಜಿಪ್ಪಿನ, ಫೋಟೊ ತೆಗೆಸಿಕೊಳ್ಳುವ ಬೂಟು ತೋರಿಸುತ್ತಿದ್ದರು. ಕೆಲಸ ಹೋದರೆ ಇನ್ನೊಂದು ಹುಡುಕಲು ಮನೆಯಲ್ಲಿ ಬಿಡುವುದಿಲ್ಲ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು.

ದಿನಾ ನೋಡುವ ಬಸ್ ಕಂಡಕ್ಟರೊಬ್ಬರು ದಾರಿ ತೋರಿಸಿದರು. ರೋಣದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಬ್ಬ ಮುದುಕರಿದ್ದಾರೆ, ಹಿಂದೆ ನರಗುಂದದ ಕಡೆ ಕಾಲುವೆ ಕಟ್ಟುವಾಗ ಎಂಜಿನಿಯರುಗಳಿಗೆ ಬೂಟು ಹೊಲಿದುಕೊಟ್ಟವರು ಎಂದರು. ಆ ಸಂಜೆಯೇ ಬಸ್ಸಿಳಿದು ನೇರ ಅಲ್ಲಿಗೆ ಹೋದೆ. ಮೂರು ಮೆಟ್ಟಿಲ ಮೇಲೊಂದು ಸಣ್ಣ ಅಂಗಡಿ, ಒಳಗೆ ಗೋಡೆಗುಂಟ ಕಟ್ಟಿಗೆಯ ಕಾಲಚ್ಚುಗಳು. ಓಣಿಯವರೆಲ್ಲ ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

"ಬೂಟ್ ಹೊಲಿಯೂದು ಬಿಟ್ಟೇನವಾ," ಎಂದರು ಕಾಕಾ. "ಕಣ್ಣು ಆಪರೇಷನ್ ಆಗೇತಿ. ದವಾಖಾನ್ಯಾಗ ಹೊಲಿಯೂ ಆರಿ ಹಿಡೀಬ್ಯಾಡ ಅಂದಾರ. ಚಪ್ಲಿ ಬೇಕಾದ್ರ ಹೇಳು."

ನಾನು ಹೇಳಿದ್ದನ್ನೇ ನಾಲ್ಕು ಸಲ ಹೇಳಿದೆ. ಅವರು ತಲೆಯಾಡಿಸುತ್ತಲೇ ಇದ್ದರು. ಕೊನೆಗೆ ಹಟಕ್ಕೆ ಬಿದ್ದು ಕಂಪನಿಯ ಬೂಟು ಕಳಚಿ, ಕಾಲುಚೀಲ ಎಳೆದು, ಒಡೆದ ಬೆರಳನ್ನು ಅವರ ಮುಂದೆ ಇಟ್ಟೆ. ಕಾಕಾ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕತ್ತೆತ್ತಿ ನನ್ನ ಹಣೆ, ಕುತ್ತಿಗೆ, ಕೈ ನೋಡಿದರು. ಒಳಗೆ ಹೋಗಿ ಹಳೆಯ ಪೇಪರು, ಪೆನ್ಸಿಲ್ಲು ತಂದರು.

"ನಿಂದರು. ಎರಡೂ ಕಾಲ ಮ್ಯಾಲ ಭಾರ ಹಾಕು."

ನನ್ನ ಮಾತಿನ ಬಲಕ್ಕೇ ಒಪ್ಪಿದರೆಂದು ಒಳಗೊಳಗೇ ಬೀಗಿದ್ದೆ...

ಅಳತೆ ತೆಗೆಯುವುದು ಅಷ್ಟು ದೊಡ್ಡ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ಸಂಜೆಗೇ ಬಂದದ್ದು ಒಳ್ಳೆಯದಾಯಿತು, ಮುಂಜಾನೆಯ ಕಾಲು ಸುಳ್ಳು ಹೇಳುತ್ತದೆ, ದಿನವಿಡೀ ದುಡಿದು ಬಾತ ಕಾಲಿನದೇ ಅಳತೆ ಹಿಡಿಯಬೇಕು ಎಂದರು. ಬೂಟಿನೊಳಗೆ ಹಾಕುವ ಕಾಲುಚೀಲವನ್ನೇ ಹಾಕಿಸಿದರು. ಪೆನ್ಸಿಲ್ಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆದರು. ಟೇಪು ಮುಟ್ಟಲಿಲ್ಲ. ಪೇಪರಿನ ಪಟ್ಟಿ ಹರಿದು ಬೆರಳ ಬುಡಕ್ಕೊಂದು, ಪಾದದ ಉಬ್ಬಿಗೊಂದು, ಹಿಮ್ಮಡಿ ಬಳಸಿ ಒಂದು, ಮೀನಖಂಡಕ್ಕೊಂದು ಸುತ್ತಿ, ಸೇರಿದ ಕಡೆ ಉಗುರಿನಿಂದ ಚಿವುಟಿ ಗುರುತು ಮಾಡಿದರು. ಬಲಗಾಲಿನದು ಬೇರೆ, ಎಡಗಾಲಿನದು ಬೇರೆ.

"ಮಗ್ಗದ ಮನಿ ಮಗಳ?" ಎಂದರು.

"ಹೌದ್ರಿ. ಹ್ಯಾಂಗ ಗೊತ್ತಾತ್ರಿ?"

"ಬಲಗಾಲು ಅಗಲ ಐತಿ. ಸಣ್ಣಕಿದ್ದಾಗಿಂದ ತುಳಿದಿ."

ಲೇಸು ಬೇಡವೇ ಬೇಡ ಎಂದರು. ಏಣಿಗೆ ಸಿಕ್ಕಿಕೊಳ್ಳುತ್ತದೆ. ಕಾಲುವೆಯ ಎಂಜಿನಿಯರುಗಳಿಗೆ ಹೊಲಿಯುತ್ತಿದ್ದಂಥದ್ದು, ಮೊಣಕಾಲ ಕೆಳಗಿನವರೆಗೂ ಎಳೆದು ಹಾಕುವ ಬೂಟು, ಪಾದದ ಮೇಲೊಂದು ಪಟ್ಟಿ, ತುದಿಯಲ್ಲೊಂದು ಪಟ್ಟಿ, ಎರಡಕ್ಕೂ ಬಕ್ಕಲ್ಲು. ಅಂಥ ಬೂಟು ಪೂರಾ ಪಾದದ ಉಬ್ಬಿನ ಮೇಲೆ ನಿಲ್ಲುತ್ತದೆ, ಅಲ್ಲಿ ಒಂದು ನೂಲಿನಷ್ಟು ಸಡಿಲಾದರೂ ಕೆಟ್ಟಿತು ಎಂದು ಎರಡೆರಡು ಸಲ ಅಳೆದರು.

ಮುಂದಿನ ವಾರ ಬೂಟು ಕಾಲಿಗೆ ಕೂರುತ್ತದೋ ಎಂದು ನೋಡಲು ಕರೆದಿದ್ದರು. ಅಡಿಯ ಅಟ್ಟೆ ಇನ್ನೂ ಕೂಡಿಸಿರಲಿಲ್ಲ, ಮೇಲಿನ ಚರ್ಮವನ್ನಷ್ಟೇ ಮೊಳೆ ಹೊಡೆದು ನಿಲ್ಲಿಸಿದ್ದರು. ಗುಡ್ಡದಿಂದ ನೇರವಾಗಿ, ಯೂನಿಫಾರ್ಮಿನಲ್ಲೇ ಹೋದೆ. ಕಾಕಾ ಒಳಗೆ ಏನೋ ಹುಡುಕುತ್ತಿದ್ದಾಗ ಅವರ ಹೆಂಡತಿ ಚಹಾ ತಂದುಕೊಟ್ಟು ಪಕ್ಕದಲ್ಲೇ ಕೂತರು. ನನ್ನ ಬೆನ್ನು ಸವರಿದರು.

"ಇಷ್ಟು ಸಣ್ಣ ವಯಸ್ಸಿನಾಗ ಹಿಂಗಾಗಬಾರದಿತ್ತು. ಯಾವಾಗ ಹೋದ್ರವಾ ನಿಮ್ಮ ಮನಿಯವ್ರು?"

ನನಗೆ ಚಹಾ ನೆತ್ತಿಗೇರಿತು. ಕೆಮ್ಮುತ್ತಲೇ ಬಗ್ಗಿ ನನ್ನ ಬೆರಳು ನೋಡಿಕೊಂಡೆ. ಉಂಗುರವಿದ್ದ ಜಾಗದಲ್ಲಿ ಬಿಳಿಯ ಗುರುತು. ಬರಿಗೈ, ಬರಿಗೊರಳು, ಬರಿಹಣೆ. ಆ ದಿನ ಕಾಕಾ ಅಷ್ಟು ಹೊತ್ತು ನೋಡಿದ್ದು ಒಡೆದ ಬೆರಳನ್ನಲ್ಲ.

ಒಳಗಿನಿಂದ ಕಾಕಾ ಗದರಿದರು. "ಅಕಿನ್ನ ಏನೂ ಕೇಳಬ್ಯಾಡ ನೀ."

ಕಾಕಿ ದನಿ ತಗ್ಗಿಸಿ ತಮ್ಮ ಕತೆಯನ್ನೇ ಹೇಳಿದರು. ಅವರ ಮಗಳೂ ಸಣ್ಣ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡವಳು. ಆಕೆಗೆ ನರಗುಂದದ ಶಾಲೆಯಲ್ಲಿ ಅಡುಗೆ ಕೆಲಸ ಬಂದಿತ್ತಂತೆ. ಜನ ಏನಂದಾರು ಎಂದು ಕಾಕಾನೇ ಬೇಡವೆಂದರು. "ಆಮ್ಯಾಗ ಅಕಿ ಹೊಸ್ತಿಲಾ ದಾಟಲೇ ಇಲ್ಲವಾ. ಈಗ ನರಗುಂದದಾಗ ಸೋದರತ್ತಿ ಮನ್ಯಾಗ ಒಂದ ಮೂಲಿ ಹಿಡದು ಕುಂತಾಳ. ಅದಕ್ಕ ನಿನ್ನ ನೋಡಿ ಇವ್ರು ಕಣ್ಣಿಂದೂ ಮರತ್ರು."

ಹೇಳಬಹುದಿತ್ತು. ಆ ಹೊತ್ತಿಗೆ ನಮ್ಮ ಮನೆಯವರು ನಮ್ಮದೇ ಕಟ್ಟೆಯ ಮೇಲೆ ಗಿರ್ಮಿಟ್ ತಿನ್ನುತ್ತ ಗಟ್ಟಿಮುಟ್ಟಾಗಿ ಕೂತಿದ್ದರು. ಒಂದು ಮಾತು ಸಾಕಿತ್ತು. ಆದರೆ ಹದಿನೈದು ದಿನಗಳಲ್ಲಿ ಹತ್ತು ಕಳೆದಿದ್ದವು. ನಿಜ ಹೇಳಿದರೆ ಬೂಟು ಅಲ್ಲೇ ನಿಂತುಬಿಟ್ಟೀತು ಎಂದು ಹೆದರಿದೆ. ಬಾಯಿ ಮುಚ್ಚಿಕೊಂಡು ಚಹಾ ಕುಡಿದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಗುವ ಕ್ಷಣಗಳಲ್ಲಿ ಅದು ಮೊದಲನೆಯದು.

ಬಿಸಿ ಔಡಲೆಣ್ಣೆ ಕುಡಿದು ಬೂಟು ತಯಾರಾಯಿತು. ಕಾಕಾ ಅದನ್ನು ತೊಡಿಸಿ ಅಂಗಡಿಯ ಮೂರು ಮೆಟ್ಟಿಲನ್ನು ಹತ್ತಿಸಿದರು, ಇಳಿಸಿದರು, ಮತ್ತೆ ಹತ್ತಿಸಿದರು. "ಹಿಮ್ಮಡಿ ಒಂಚೂರು ಏಳತೈತೇನ? ಏಳಲಿ. ಅಟ್ಟಿ ಬಾಗಾಕ ಹತ್ತಿದ ಮ್ಯಾಲ ಕುಂದರತೈತಿ. ಬೆರಳು ಅಳ್ಳಾಡಸು, ನೋಡೂಣು." ಹೆಬ್ಬೆರಳಿನಿಂದ ಪಾದದ ಉಬ್ಬನ್ನು ಒತ್ತಿ ನೋಡಿದರು. ಆಪರೇಷನ್ ಆದ ಕಣ್ಣಿನಿಂದ ನೀರು ಸುರಿಯುತ್ತಿತ್ತು. ತೋಳಿಗೆ ಒರೆಸಿಕೊಳ್ಳುತ್ತಿದ್ದರು, ಮತ್ತೆ ಬಗ್ಗುತ್ತಿದ್ದರು.

ಹದಿನಾಲ್ಕನೆಯ ದಿನ ಕಂಬ ಹತ್ತಿದೆ. ಮೇಲಿನ ಬಾಗಿಲು ತೆಗೆದಾಗ ಕೆಳಗೆ ಮುಶಿಗೇರಿಯ ಹೊಲಗಳ ತನಕ ಕಂಡಿತು. ಕಾಲು ಒಂದೇ ಒಂದು ಸಲವೂ ಜಾರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಸಂತೋಷವಾಯಿತು, ಆದರೆ ಪೂರ್ತಿ ಆಗಲಿಲ್ಲ.

ತಿಂಗಳಾದ ಮೇಲೆ ಬಂದು ಬೂಟು ತೋರಿಸು ಎಂದು ಕಾಕಾ ಹೇಳಿದ್ದರು. ಅದೊಂದು ರವಿವಾರ, ರಜೆ. ಮನೆಯಿಂದ ಎಲ್ಲ ಹಾಕಿಕೊಂಡೇ ಹೊರಟವಳು, ಬಸ್ ನಿಲ್ದಾಣದ ಗೋಡೆಯ ಮರೆಯಲ್ಲಿ ನಿಂತು ಒಂದೊಂದಾಗಿ ತೆಗೆದು ಚೀಲಕ್ಕೆ ಹಾಕಿದೆ. ಮೊದಲ ಸಲ ಆದದ್ದು ಅವರ ತಪ್ಪು ತಿಳಿವಳಿಕೆ. ಎರಡನೆಯ ಸಲ ಹೆದರಿಕೆ. ಈ ಮೂರನೆಯದಕ್ಕೆ ನನ್ನ ಬಳಿ ಹೆಸರಿಲ್ಲ...

ಮುಂದೆ ವರ್ಷದ ಮೇಲೆ ನರಗುಂದದ ಬಸ್ ನಿಲ್ದಾಣದಲ್ಲಿ ಸಿಕ್ಕಿಬಿದ್ದೆ. ನಾನೂ ನಮ್ಮ ಮನೆಯವರೂ ಒಂದು ಮದುವೆ ಮುಗಿಸಿಕೊಂಡು ನಿಂತಿದ್ದೆವು. ಕಾಕಾ ಮಗಳನ್ನು ನೋಡಿ ಬರುತ್ತಿದ್ದರು. ಅವರು ಮುಖ ನೋಡುವ ಮನುಷ್ಯರಲ್ಲ, ಮೊದಲು ಕಾಲನ್ನೇ ನೋಡುತ್ತಿದ್ದರು. ನನ್ನ ಕಾಲು ಗುರುತು ಹಿಡಿದು, ಅಲ್ಲಿ ಉಂಗುರ ನೋಡಿ, ನಿಧಾನವಾಗಿ ಕತ್ತೆತ್ತಿದರು. ನಾನು ರೇಷ್ಮೆ ಸೀರೆಯಲ್ಲಿ, ಕೈತುಂಬ ಬಳೆಯಲ್ಲಿ ನಿಂತಿದ್ದೆ.

"ಇವರ ಯಾರವಾ?"

"ನಮ್ಮ ಮನಿಯವ್ರು," ಎಂದೆ.

"ಮದವಿ ಆಗಿ ಎಷ್ಟು ವರ್ಷ ಆತ್ರಿ?" ಎಂದು ಅವರನ್ನೇ ಕೇಳಿದರು.

"ಎರಡ ವರ್ಷ ತುಂಬಾಕ ಬಂತ್ರಿ," ಎಂದರು ನಮ್ಮ ಮನೆಯವರು, ಏನೂ ಅರಿಯದೆ.

ಕಾಕಾ ಲೆಕ್ಕ ಹಾಕಿದ್ದು ಮುಖದಲ್ಲೇ ಕಂಡಿತು. ಬೈಯಲಿ ಎಂದು ಕಾದೆ. ಅವರು ನಮ್ಮ ಮನೆಯವರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. "ಅದೀರಲ್ಲ... ಅದೀರಿ. ಭಾಳ ಚಲೋ ಆತು." ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು. "ಬೂಟ್ ತೊಗೊಂಡ ಬಾರವಾ. ಉಂಗ್ರದ ಜಾಗಾ ಬಿಟ್ಟಿಲ್ಲ ನಾ. ನೆನಸಿ, ಅಚ್ಚಿಗೆ ಏರಿಸಿ ಹಿಗ್ಗಸ್ತೇನಿ. ಒಂದ ದಿನದ ಕೆಲಸ."

ಬೈದಿದ್ದರೆ ಮರುದಿನವೇ ಹೋಗುತ್ತಿದ್ದೆನೇನೋ. ಈ ಮಾತು ಕೇಳಿದ ಮೇಲೆ ಯಾವ ಮುಖ ಹೊತ್ತು ಹೋಗಲಿ? ನಾಳೆ ಎಂದೆ, ಅಮಾವಾಸ್ಯೆ ಕಳೆಯಲಿ ಎಂದೆ, ಮಳೆಗಾಲ ಮುಗಿಯಲಿ ಎಂದೆ. ಬಸ್ಸಿಳಿದು ಸುತ್ತು ಹಾಕಿ ಬೇರೆ ಓಣಿಯಿಂದ ಮನೆಗೆ ಹೋಗತೊಡಗಿದೆ. ಬೂಟನ್ನು ಮಾತ್ರ ದಿನಾ ಹಾಕುತ್ತಿದ್ದೆ, ಉಂಗುರ ತೆಗೆದು.

ಕಾಕಾ ತೀರಿಕೊಂಡ ಸುದ್ದಿಯನ್ನೂ ಆ ಕಂಡಕ್ಟರೇ ಬಸ್ಸಿನಲ್ಲಿ ಹೇಳಿದರು. ಮೂರು ದಿನವಾಗಿತ್ತಂತೆ. ಇಳಿದವಳೇ ಹಾಗೇ ಓಡಿದೆ, ಯೂನಿಫಾರ್ಮಿನಲ್ಲಿ, ಚೀಲದ್ದು ಚೀಲದಲ್ಲೇ ಇಟ್ಟುಕೊಂಡು. ಕಾಕಾ ಮನೆಯಲ್ಲಿ ಎಲ್ಲ ಹೇಳಿರುತ್ತಾರೆ, ಕಾಕಿ ನಾಲ್ಕು ಜನರ ಮುಂದೆ ಉಗಿಯುತ್ತಾರೆ, ಉಗಿಸಿಕೊಳ್ಳೋಣ ಎಂದು ಗಟ್ಟಿ ಮಾಡಿಕೊಂಡೇ ಹೋದೆ.

ಕಾಕಿ ನನ್ನನ್ನು ಕಂಡದ್ದೇ ಎದ್ದು ಬಂದು ತೆಕ್ಕೆಹಾಯ್ದರು. "ನೀ ಬಂದಿ... ಇವರಿಗ್ಯಾರಿಗೂ ತಿಳಿಯಂಗಿಲ್ಲವಾ. ನಿನಗ ತಿಳಿತೈತಿ. ಹ್ಯಾಂಗ ತಡಕೊಂಡಿ ನೀ? ನನಗೂ ಹೇಳಿಕೊಡು."

ಕಾಕಾ ಯಾರಿಗೂ ಹೇಳಿರಲಿಲ್ಲ. ತಮ್ಮ ಹೆಂಡತಿಗೂ ಹೇಳದೆ ನನ್ನ ಮರ್ಯಾದೆ ಕಾಯ್ದಿದ್ದರು. ಸುತ್ತ ಕೂತ ಹೆಂಗಸರೆಲ್ಲ ನನ್ನತ್ತ ನೋಡುತ್ತಿದ್ದರು. ನಾನು ಆ ಮುದುಕಿಯ ಭುಜದ ಮೇಲೆ ಬಾಯಿಟ್ಟು, "ದಿನಾ ಹೋದಂಗ ಕಡಿಮಿ ಆಗ್ತೈತ್ರಿ ಕಾಕಿ," ಎಂದೆ.

ಅದಾಗಿ ನಾಲ್ಕು ವರ್ಷ. ಈಗ ಕಂಪನಿ ಹೆಂಗಸರ ನಂಬರಿನ ಬೂಟನ್ನೂ ತರಿಸುತ್ತದೆ, ನಮ್ಮಲ್ಲಿ ಇನ್ನೂ ಮೂವರು ಹುಡುಗಿಯರು ಕಂಬ ಹತ್ತುತ್ತಾರೆ. ಕಾಕಾ ಹೊಲಿದ ಬೂಟಿನ ಅಟ್ಟೆ ಸವೆದು ಹೋಯಿತು. ಅದಕ್ಕೆ ಬೇರೆ ಅಟ್ಟೆ ಕೂಡಿಸುವವರು ಈ ಸೀಮೆಯಲ್ಲಿ ಯಾರೂ ಸಿಗಲಿಲ್ಲ. ಆ ಅಂಗಡಿಯಲ್ಲಿ ಈಗ ಕಾಕಿ ಹುಬ್ಬಳ್ಳಿಯಿಂದ ಬಂದ ಪ್ಲಾಸ್ಟಿಕ್ ಚಪ್ಪಲಿ ಮಾರುತ್ತಾರೆ.

ಇವತ್ತು ಸಂಜೆ ಬಸ್ಸಿಳಿದು, ಬಹಳ ದಿನಗಳ ಮೇಲೆ ಆ ಓಣಿಯಿಂದಲೇ ಬಂದೆ. ಎಲ್ಲ ಹೇಳಿಬಿಡೋಣ ಎಂದುಕೊಂಡಿದ್ದೆ, ಬಳೆ, ತಾಳಿ, ಉಂಗುರ ಮಾತ್ರ ಇನ್ನೂ ಚೀಲದಲ್ಲೇ ಇದ್ದವು. ಕಾಕಿ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು, ನಾನು ಬಾಯಿ ತೆರೆಯುವ ಮುಂಚೆ ಅವರೇ ಕೇಳಿದರು.

"ದಿನಾ ಹೋದಂಗ ಕಡಿಮಿ ಆಗ್ತೈತಿ ಅಂದಿದ್ದಿಯಲ್ಲವಾ ನೀ. ನನಗ ಯಾಕ ಆಗವಲ್ದು? ಖರೇ ಹೇಳು, ನಿನಗರ ಆಗೇತೇನು?"

ಚೀಲದಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಆ ಹೊತ್ತಿಗೆ ದಿನಾ ಮಾಡುವವರು ನಮ್ಮ ಮನೆಯವರು, ಬಸ್ ಬಂತೇನು ಎಂದು ಕೇಳಲು. ಎತ್ತಲಿಲ್ಲ. ಎದುರಿನ ಗೋಡೆಗೆ ಕಾಕಾ ಫೋಟೊ ಹಾಕಿದ್ದರು. ಅದನ್ನು ನೋಡುತ್ತ, "ಇಲ್ರಿ ಕಾಕಿ. ನನಗೂ ಕಡಿಮಿ ಆಗಿಲ್ಲ," ಎಂದೆ. ಆ ಮನೆಯಲ್ಲಿ ನನ್ನ ದುಃಖದ ಬಗ್ಗೆ ನಾನು ಆಡಿದ ಒಂದೇ ಒಂದು ಖರೇ ಮಾತು ಅದು.