ವಿರೂಪಣ್ಣ ಮದರ್‌ಬೋರ್ಡು ಕೊಳ್ಳಾಕ ಹೋದದ್ದು

ನಮ್ಮ ವಿರೂಪಣ್ಣ ಅದಾನಲ್ಲವ್ವಾ, ಮಾನ್ವಿಯಾಗ ಮಗಳು ಶಿವಗಂಗಾಗ ಟೈಪಿಂಗ್ ಅಂಗಡಿ ಹಾಕಿಕೊಟ್ಟಾವ, ಅವ ಹಳೇ ಸಾಮಾನು ಕೊಳ್ಳಾದು ನೋಡಿದ್ರ ನಕ್ಕು ನಕ್ಕು ಹೊಟ್ಟಿ ಹಿಡಕೋಬೇಕು. ಹರೇದಾಗ ದೇವದುರ್ಗದ ಸಂತ್ಯಾಗ ಎತ್ತಿನ ದಲಾಲಿ ಮಾಡಿದಾವ. ಆ ಸಂತ್ಯಾಗಿನ ಮಿರ್ಚಿ ರುಚಿ ಈಗೆಲ್ಲಿ ಬರ್ತದ, ಇರ್ಲಿ ಬಿಡು. ಮಗಳ ಕಂಪ್ಯೂಟರಿನ ಮದರ್‌ಬೋರ್ಡು ಸತ್ತು ಅಂಗಡಿ ಬಾಗ್ಲಾ ಮುಚ್ಚೇದ. ಇವ ರಾಯಚೂರಾಗ ಚಾಂದಪಾಷಾನ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬಂದು ಒಂದೊಂದು ಬೋರ್ಡೂ ಮೂಸತಾನ, ಬೆನ್ನು ಸವರತಾನ, "ಯಾರ ಮನ್ಯಾಗಿತ್ತು? ಕೊಂಬಿಲೆ ಹಾಯ್ತದೇನು?" ಅಂತಾನ. ರೇಟು ಬಾಯಿಲೆ ಆಡಂಗಿಲ್ಲ, ದನದ ಸಂತ್ಯಾಗಿನಂಗ ಟವೆಲ್ಲಿನ ಕೆಳಗ ಪಾಷಾನ ಬೆರಳು ಹಿಡಿತಾನ. "ಚಾಚಾ, ಇದು ಹೊಲದಾಗ ಗಳೇ ಹೊಡ್ಯಂಗಿಲ್ರಿ!" ಅಂತ ಪಾಷಾ ನಗ್ತಾನ. ಒಂದು ಗೀರೂ ಇಲ್ಲದ ಬೋರ್ಡು ಕೊಟ್ರ ಇವ ಒಲ್ಲೆ ಅಂದ, ಮೂಲಿ ಸುಟ್ಟು ಕರ್ರಗಾದದ್ದನ್ನ ಹಿಡಕೊಂಡ. "ಇದು ತನ್ನ ಬ್ಯಾನಿ ತಾನ ಹೇಳ್ತದೋ ಪಾಷಾ. ಹೇಳದಿದ್ದದ್ದನ್ನ ಹ್ಯಾಂಗ ನಂಬಲಿ?" ಇವನ ಹೆಂಡ್ತಿ ಸೂಗಮ್ಮ ಎದಿನೋವು ನುಂಗಿ, "ಆರಾಮದೀನ್ರಿ" ಅಂತ ರೊಟ್ಟಿ ಬಡಕೋತನ ಜೀವ ಬಿಟ್ಟಾಕಿ, ಮೈಮ್ಯಾಲೆ ಒಂದು ಗಾಯ ಇದ್ದಿಲ್ಲ ನೋಡವ್ವಾ. ಸುಟ್ಟ ಮೂಲಿಮ್ಯಾಲೆ ಬೆರಳಿಟ್ಟು ವಿರೂಪಣ್ಣ, "ಇಷ್ಟೇ ಏನವಾ? ಮತ್ತೆಲ್ಲೂ ನೋವಿಲ್ಲಲ್ಲ?" ಅಂತ ಮೆಲ್ಲಕ ಕೇಳಿದ. ಪಾಷಾ ನಗೋದು ಬಿಟ್ಟು ವೈರು ಹಚ್ಚಿ ಕರೆಂಟು ಕೊಟ್ಟ. ಬೋರ್ಡಿನಾಗ ಸಣ್ಣ ಹಸಿರು ದೀಪ ಹತ್ತಿತು. ಹತ್ತಿದ ಮ್ಯಾಲೂ ವಿರೂಪಣ್ಣ ಬೆರಳು ತಗೀಲಿಲ್ಲ.