ಕೈ ನೋಡಿ ಕತೆ ಕಟ್ಟಿದ ಷಡಕ್ಷರಪ್ಪ

ಜನ್ನಾಪುರದ ಷಡಕ್ಷರಪ್ಪನವರ ಮನೆಯಲ್ಲಿ ಊಟಕ್ಕೆ ಕೂತವರಿಗೆ ಒಂದು ಸಂಗತಿ ತಿಳಿದಿರಬೇಕು. ಆ ಮನೆಯ ಯಜಮಾನರು "ಸಾಕು" ಎಂದು ಬಾಯಲ್ಲಿ ಹೇಳುವವರಲ್ಲ. ಎಡಗೈ ಮುಷ್ಟಿ ಕಟ್ಟಿ ಕಿವಿಯ ಮಟ್ಟಕ್ಕೆ ಎತ್ತುತ್ತಾರೆ. ಅವರ ಹೆಂಡತಿ ದಾಕ್ಷಾಯಣಮ್ಮ ಸೌಟನ್ನು ಅಲ್ಲೇ ತಡೆಯುತ್ತಾರೆ. ಹೊಸದಾಗಿ ಬಂದ ನೆಂಟರು, ಇದೇನು ಉಣ್ಣುತ್ತ ಉಣ್ಣುತ್ತಲೇ ಗುದ್ದಾಟಕ್ಕೆ ನಿಂತರಲ್ಲ ಎಂದು ಗಾಬರಿಯಾದದ್ದೂ ಉಂಟು.

ಈ ಮುಷ್ಟಿ ಹುಟ್ಟಿದ್ದು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ. ಅಲ್ಲಿ ಷಡಕ್ಷರಪ್ಪ ಮೂವತ್ತೊಂದು ವರ್ಷ ಕ್ರೇನ್ ನಡೆಸಿದರು. ಮಾಡಿನ ಹತ್ತಿರ, ಮೂರಾಳೆತ್ತರದಲ್ಲಿ ತೂಗುವ ಗೂಡಿನಂಥ ಕ್ಯಾಬಿನ್ನು. ಕೆಳಗೆ ಕರಗಿದ ಕಬ್ಬಿಣ. ಕಿವಿ ಗಡಚಿಕ್ಕುವ ಸದ್ದಿನಲ್ಲಿ ಮನುಷ್ಯನ ಕೂಗು ಸೊಳ್ಳೆಯ ಕೂಗಿಗಿಂತ ಕಡೆ. ಅದಕ್ಕೇ ಅಲ್ಲಿ ಮಾತೆಲ್ಲ ಕೈಯದು. ಕೆಳಗೆ ನಿಂತು ಭಾರ ಕಟ್ಟುವ ಖಲಾಸಿ ಬೆರಳನ್ನು ಮೇಲೆ ಮಾಡಿ ಸುತ್ತಿದರೆ ಎತ್ತು, ಕೆಳಗೆ ಮಾಡಿ ಸುತ್ತಿದರೆ ಇಳಿಸು, ಅಂಗೈ ಚಾಚಿ ತಳ್ಳಿದರೆ ಮುಂದೆ ನಡಿ, ಮುಷ್ಟಿ ಎತ್ತಿದರೆ ನಿಲ್ಲಿಸು. ಆ ಖಲಾಸಿಯ ಹೆಸರು ಪುಟ್ಟಯ್ಯ. ಇಪ್ಪತ್ತು ವರ್ಷ ಅವನು ಕೆಳಗೆ, ಇವರು ಮೇಲೆ. ಪುಟ್ಟಯ್ಯನ ಮುಷ್ಟಿ ಒಂದು ಚಣವೂ ತಡವಾಗಲಿಲ್ಲ, ಇವರ ಕೈಯೂ ತಡವಾಗಲಿಲ್ಲ. ಇಬ್ಬರೂ ಮೈಗೆ ಒಂದು ಬೊಬ್ಬೆಯೂ ಇಲ್ಲದೆ ನಿವೃತ್ತರಾದರು. ಆಮೇಲೆ ನಾಲ್ಕೇ ವರ್ಷಕ್ಕೆ ಪುಟ್ಟಯ್ಯ ಕಾಯಿಲೆ ಬಿದ್ದು ತೀರಿಕೊಂಡ.

ನಿವೃತ್ತಿಯ ಮೇಲೆ ಷಡಕ್ಷರಪ್ಪನವರಿಗೆ ಉಳಿದದ್ದು ಅರ್ಧ ಕೇಳುವ ಕಿವಿ, ಪೂರಾ ಕಾಣುವ ಕಣ್ಣು. ಆ ಕಣ್ಣಿಗೆ ಕೆಲಸ ಬೇಕಿತ್ತು. ಶಿವಮೊಗ್ಗದ ವಿನೋಬನಗರದಲ್ಲಿ ಒಂದು ಶಾಲೆಯ ಮಹಡಿಯ ಮೇಲೆ ತಿಂಗಳಿಗೆ ಎರಡು ಭಾನುವಾರ ಬೇರೆ ಬೇರೆ ದೇಶದ ಸಿನಿಮಾ ತೋರಿಸುತ್ತಾರೆ ಎಂದು ಯಾರೋ ಹೇಳಿದರು. ಇವರು ಬೆಳಿಗ್ಗೆ ಎಂಟೂವರೆಯ ಪ್ರೈವೇಟ್ ಬಸ್ಸು ಹತ್ತಿದರು. ಆರು ವರ್ಷ ಹಾಗೆಯೇ ಹತ್ತುತ್ತ ಬಂದರು. ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಾಲುಗಳ ಗೊಡವೆಗೆ ಅವರು ಹೋಗುತ್ತಿರಲಿಲ್ಲ. ಒಂದು ಸಾಲು ಕೂಡಿಸಿ ಓದುವಷ್ಟರಲ್ಲಿ ಮೂರು ಸಾಲು ಓಡಿಹೋಗಿರುತ್ತಿದ್ದವು. ಜನರ ಕೈ ನೋಡುತ್ತಿದ್ದರು. ಜಪಾನಿನವನಾದರೂ ಸರಿ, ರಷ್ಯದವನಾದರೂ ಸರಿ, ಸುಳ್ಳು ಹೇಳುವಾಗ ಕೈ ಸುಮ್ಮನಿರುವುದಿಲ್ಲ ಎಂಬುದು ಅವರು ಕಂಡುಕೊಂಡ ವಿಷಯ.

ಆ ಬಳಗಕ್ಕೊಂದು ಕಟ್ಟಳೆ. ಒಬ್ಬೊಬ್ಬ ಸದಸ್ಯರೂ ಸರದಿಯ ಮೇಲೆ ಒಂದು ಸಿನಿಮಾದ ಡಿವಿಡಿಯನ್ನು ಮೊದಲೇ ಮನೆಗೆ ಒಯ್ದು, ಹದಿನೈದು ದಿನ ಅಭ್ಯಾಸ ಮಾಡಿ, ಪ್ರದರ್ಶನ ಮುಗಿದ ಮೇಲೆ ಅರ್ಧ ಗಂಟೆ ಮಾತಾಡಬೇಕು. ಷಡಕ್ಷರಪ್ಪ ತಮ್ಮ ಸರದಿ ಬಂದಾಗಲೆಲ್ಲ ಮುಂದಿನವರಿಗೆ ಬಿಟ್ಟುಕೊಡುತ್ತಿದ್ದರು. ಎರಡು ಸಾವಿರದ ಏಳನೇ ಇಸವಿಯ ಮಾರ್ಗಶಿರದಲ್ಲಿ ಮತ್ತೆ ಅವರ ಸರದಿ ಬಂತು. ಗೋಪಾಳದಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಕೊಟ್ರಬಸಪ್ಪ ತಿರುಗಿ ನೋಡಿ ನಕ್ಕರು.

"ಏನ್ ಷಡಕ್ಷರಪ್ನೋರೆ, ಈ ಸಲನೂ ಪಾಸಾ? ಬಿಡಿ, ನೀವು ಮೇಲೆ ಕೂತು ನೋಡೋ ಪೈಕಿ. ಮಾತಾಡೋ ಪೈಕಿ ಅಲ್ಲ."

ಕೂತವರೆಲ್ಲ ನಕ್ಕರು. ಷಡಕ್ಷರಪ್ಪನವರೂ ನಕ್ಕರು. ನಗುತ್ತಲೇ ಕೈ ಮುಂದೆ ಚಾಚಿ, "ಕೊಡಿ ಮೂರ್ತಿ ಮೇಷ್ಟ್ರೇ, ಈ ಸಲ ನಾನೇ ಮಾತಾಡ್ತೀನಿ," ಎಂದರು. ಬಳಗ ನಡೆಸುತ್ತಿದ್ದ ಕಾಲೇಜು ಮೇಷ್ಟ್ರು ಶ್ರೀನಿವಾಸಮೂರ್ತಿ ಡಿವಿಡಿ ಕೈಗಿಟ್ಟು ಹೇಳಿದರು: "ಸ್ಪ್ಯಾನಿಷ್ ಸಿನಿಮಾ ಕಣ್ರಿ. ಎಪ್ಪತ್ತು ವರ್ಷದ ಹಿಂದೆ ಸ್ಪೇನ್ ದೇಶದ ಜನ ಎರಡು ಪಾಲಾಗಿ ಒಬ್ಬರನ್ನೊಬ್ಬರು ಕೊಂದ್ಕೊಂಡ್ರು. ಆ ಅಂತರ್ಯುದ್ಧದ ಕಾಲದ್ದು. ಅದರಲ್ಲೊಂದು ದೆವ್ವ ಇದೆ."

ಬಸ್ಸಿನಲ್ಲಿ ವಾಪಸ್ಸು ಬರುವಾಗ ಷಡಕ್ಷರಪ್ಪ ಡಿವಿಡಿಯನ್ನು ಅಂಗಿಯ ಒಳಗೆ ಇಟ್ಟುಕೊಂಡಿದ್ದರು. ಮಾಚೇನಹಳ್ಳಿ ದಾಟುವಷ್ಟರಲ್ಲಿ ಅದನ್ನು ಮೂರು ಸಲ ಮುಟ್ಟಿ ನೋಡಿಕೊಂಡರು. ಅರವತ್ತಾರು ವರ್ಷದ ಬದುಕಿನಲ್ಲಿ ನಾಲ್ಕು ಜನರ ಮುಂದೆ ಎದ್ದುನಿಂತು ಮಾತಾಡಿದವರಲ್ಲ. ಒಂದೇ ಒಂದು ಸಲ ಮರ್ಯಾದೆಯಿಂದ ಮಾತಾಡಿ ಕೂತರೆ ಸಾಕಿತ್ತು.

ಮನೆಯಲ್ಲಿದ್ದ ಡಿವಿಡಿ ಪ್ಲೇಯರ್ ಸೆಕೆಂಡ್ ಹ್ಯಾಂಡು. ರಿಮೋಟ್ ಇಲ್ಲದ್ದಕ್ಕೇ ಅಗ್ಗಕ್ಕೆ ಸಿಕ್ಕಿತ್ತು. ರಿಮೋಟ್ ಇಲ್ಲದಿದ್ದರೆ ಪರದೆಯ ಕೆಳಗೆ ಇಂಗ್ಲಿಷ್ ಸಾಲುಗಳೂ ಬರುವುದಿಲ್ಲ ಎಂದು ಆ ದಿನ ಗೊತ್ತಾಯಿತು. "ಬರದಿದ್ರೆ ಬೇಡ. ಬಂದಿದ್ರೂ ಓದ್ತಿರಲಿಲ್ಲ," ಎಂದುಕೊಂಡು ಮಧ್ಯಾಹ್ನ ಊಟ ಮುಗಿಸಿ ಷಡಕ್ಷರಪ್ಪ ಟಿವಿ ಮುಂದೆ ಕೂತರು. ದಾಕ್ಷಾಯಣಮ್ಮ ಅವರೆಕಾಳು ಬಿಡಿಸುವ ಮೊರ ತಂದು ಪಕ್ಕದಲ್ಲಿ ಕೂತರು.

ಸಿನಿಮಾ ಒಂದು ಹಿಟ್ಟಿನ ಗಿರಣಿಯದು. ನೀರಿನಿಂದ ತಿರುಗುವ ದೊಡ್ಡ ಬೀಸುಗಲ್ಲು. ಟೋಪಿ ಹಾಕಿದ ದಪ್ಪ ಗಿರಣಿಯವ. ಅವನ ಕೈಕೆಳಗೆ ಕೆಲಸ ಮಾಡುವ ತೆಳ್ಳನೆಯ ಯುವಕ. ಒಂದು ದಿನ ಸಿಪಾಯಿಗಳು ಬರುತ್ತಾರೆ, ಅಂಗೈ ಮುಂದೆ ಚಾಚಿ ನಿಲ್ಲುತ್ತಾರೆ. ಗಿರಣಿಯವ ಬಾಗಿಲು ತೆಗೆಯುತ್ತಾನೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ಗುಂಡಿನ ಸದ್ದು. ಮಾರನೆಯ ದಿನದಿಂದ ಹಾಡಹಗಲಲ್ಲೇ ಆ ಯುವಕ ಮೈತುಂಬ ಹಿಟ್ಟು ಮೆತ್ತಿಕೊಂಡು ಗಿರಣಿಯ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಏನೂ ಮಾತಾಡುವುದಿಲ್ಲ. ಮುಷ್ಟಿ ಎತ್ತುತ್ತಾನೆ. ಗಿರಣಿಯವ ನಡುಗಿ ಕಲ್ಲು ನಿಲ್ಲಿಸುತ್ತಾನೆ.

"ಇದು ದೆವ್ವನಾ?" ಎಂದರು ದಾಕ್ಷಾಯಣಮ್ಮ. "ಮೈಯೆಲ್ಲ ವಿಭೂತಿ ಬಳ್ಕೊಂಡ ಸ್ವಾಮಿಗಳ ಥರ ಇದಾನೆ. ನಮ್ಮಲ್ಲಿ ಸತ್ತೋರು ಲಿಂಗೈಕ್ಯ ಆಗ್ತಾರೆ, ಹಿಂಗೆ ಬಾಗಿಲಿಗೆ ಬರಲ್ಲ."

"ಅವರಲ್ಲಿ ಬರ್ತಾರೆ ಮಾರಾಯ್ತಿ. ಸುಮ್ನೆ ನೋಡು."

ಆದರೆ ಸುಮ್ಮನೆ ನೋಡಲಾಗದವರು ಷಡಕ್ಷರಪ್ಪನವರೇ. ಆ ಮುಷ್ಟಿ ಮೇಲೇರಿದಾಗ ಅವರ ಬಲಗೈ ತನ್ನಷ್ಟಕ್ಕೆ ಇಲ್ಲದ ಲಿವರ್ ಹಿಡಿದು ಎಳೆಯಿತು. ದಾಕ್ಷಾಯಣಮ್ಮ ಅದನ್ನು ಕಂಡರು. "ಪುಟ್ಟಯ್ಯಣ್ಣ ನಿಂತ ಹಂಗೇ ಇದೆ ಅಲ್ವಾ," ಎಂದು ಮೆಲ್ಲಗೆ ಹೇಳಿ ಮತ್ತೆ ಕಾಳು ಬಿಡಿಸಿದರು.

ಹದಿನೈದು ದಿನದಲ್ಲಿ ಒಂಬತ್ತು ಸಲ ನೋಡಿದರು. ನೋಡಿ ನೋಡಿ ಕತೆ ಕಟ್ಟಿದರು. ಗಿರಣಿಯವನು ಯುವಕನ ಸೋದರಮಾವ, ಪಾಪದವನು. ಬಾಗಿಲು ತೆಗೆಯಬೇಡ, ನಿಲ್ಲು ಎಂದು ಯುವಕ ಮುಷ್ಟಿ ತೋರಿಸಿರಬೇಕು, ಮಾವ ನೋಡದೆ ತೆಗೆದುಬಿಟ್ಟ. ಅದಕ್ಕೇ ಸತ್ತವನು ದಿನಾ ಬಂದು ಅದೇ ಸನ್ನೆ ತೋರಿಸುತ್ತಾನೆ. ಆ ದೇಶದ ಜಗಳವೂ ಅಷ್ಟೇ. ಮುಷ್ಟಿಯವರು ನಿಲ್ಲಿಸಿ ಅನ್ನುತ್ತಾರೆ, ಅಂಗೈಯವರು ನಡೀಲಿ ಅನ್ನುತ್ತಾರೆ. ಇದನ್ನೆಲ್ಲ ಎರಡು ಹಾಳೆಯಲ್ಲಿ ಚೊಕ್ಕಟವಾಗಿ ಬರೆದು ಹೆಂಡತಿಗೆ ಓದಿ ಹೇಳಿದರು.

"ಎಲ್ಲ ಸರಿ," ಎಂದರು ದಾಕ್ಷಾಯಣಮ್ಮ. "ಆ ಟೋಪಿಯವನು ಯಾಕ್ರೀ ಒಂದೇ ಕೈಲಿ ಮೂಟೆ ಕಟ್ತಾನೆ? ದಾರ ಹಲ್ಲಲ್ಲಿ ಕಚ್ಕೊಂಡು ಒದ್ದಾಡ್ತಾನಲ್ಲ. ಕೊನೇವರೆಗೂ ಬಲಗೈ ಜೇಬಿಂದ ಆಚೆಗೇ ತೆಗೆಯಲ್ಲ."

"ಕಲ್ಲಿಗೆ ಸಿಕ್ಕಿ ಗಾಯ ಆಗಿರುತ್ತೆ. ನಮ್ಮ ಕಾರ್ಖಾನೇಲಿ ಎಷ್ಟು ಜನಕ್ಕೆ ಆಗಿತ್ತು."

"ಗಾಯ ಆದ್ರೆ ಬಟ್ಟೆ ಸುತ್ತಿರಬೇಕಲ್ಲ."

"ಅದು ಜೇಬಲ್ಲಿದೆಯಲ್ಲೇ, ಹೆಂಗೆ ಕಾಣುತ್ತೆ? ಕೊನೇಲಿ ತೆಗೆಯೋ ಹೊತ್ತಿಗೆ ವಾಸಿಯಾಗಿರುತ್ತೆ."

ದಾಕ್ಷಾಯಣಮ್ಮ ಮಾತು ಬೆಳೆಸಲಿಲ್ಲ. ಒಪ್ಪಲೂ ಇಲ್ಲ.

ಭಾನುವಾರ ಬಂತು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಧರಿಸಿ, ಜೇಬಿನಲ್ಲಿ ಹಾಳೆ ಮಡಚಿಟ್ಟುಕೊಂಡು ಷಡಕ್ಷರಪ್ಪ ಮೊದಲ ಸಾಲಿನಲ್ಲಿ ಕೂತರು. ನಲವತ್ತು ಜನ ಸೇರಿದ್ದರು. ಪಕ್ಕದ ಕುರ್ಚಿಗೆ ಕೊಟ್ರಬಸಪ್ಪ ಬಂದರು. ಅವರಿಗೊಂದು ಅಭ್ಯಾಸ. ಇಂಗ್ಲಿಷ್ ಸಾಲುಗಳನ್ನು ಪಕ್ಕದವರಿಗೆ ಕನ್ನಡದಲ್ಲಿ ಹೇಳುತ್ತ ಹೋಗುವುದು. ಪಿಸುಗುಟ್ಟುತ್ತಿದ್ದೇನೆ ಎಂದು ಅವರು ತಿಳಿದಿದ್ದರೂ ಮೂರು ಸಾಲಿನ ಹಿಂದಕ್ಕೆ ಕೇಳುತ್ತಿತ್ತು. ಷಡಕ್ಷರಪ್ಪನವರ ಮಂದ ಕಿವಿಗೂ ಸ್ಪಷ್ಟವಾಗಿ ಬಿತ್ತು.

"ಇವನು ಗಿರಣಿ ಓನರ್ರು. ಆ ಹುಡುಗ ಕೆಲಸದವನು, ಸಂಬಂಧ ಏನಿಲ್ಲ."

ಷಡಕ್ಷರಪ್ಪನವರ ಸೋದರಮಾವ ಅಲ್ಲೇ ಬಿದ್ದುಹೋದ.

ದೆವ್ವ ಬಂತು, ಮುಷ್ಟಿ ಎತ್ತಿತು. "ಅದು ಅವರ ಪಾರ್ಟಿ ಸಲಾಮು ಕಣ್ರಿ. ಮುಷ್ಟಿ ಎತ್ತಿ ನಮಸ್ಕಾರ ಮಾಡೋದು, ಸಿಪಾಯಿಗಳದ್ದು ಅಂಗೈ ಚಾಚಿ. ಸತ್ತ ಮೇಲೂ ಬಿಟ್ಟಿಲ್ಲ ಇವನು ಅಂತಿದಾನೆ ಟೋಪಿಯೋನು."

ನಿಲ್ಲಿಸು ಅನ್ನುವ ಸನ್ನೆಯೂ ಹೋಯಿತು.

ಇನ್ನೊಂದು ಹತ್ತು ನಿಮಿಷ. ಸತ್ತವನ ಅಕ್ಕ, ಕಪ್ಪು ಬಟ್ಟೆಯ ಹೆಂಗಸು, ಹಿಟ್ಟಿಗೆ ಬಂದಾಗ ಏನೋ ಹೇಳುತ್ತಾಳೆ. "ಅಯ್ಯ, ಸಿಪಾಯಿಗಳಿಗೆ ಯಾರೋ ತೋರಿಸಿಕೊಟ್ಟಿದಾರೆ ಅಂತಾಳೆ. ಈ ಯಪ್ಪನ ಮುಖ ನೋಡಿ, ಇವನೇ ಹಿಡ್ಕೊಟ್ಟಿರೋದು."

ಎರಡು ಹಾಳೆಯಲ್ಲಿ ಉಳಿದದ್ದು ತಾರೀಕು ಒಂದೇ. ಕತ್ತಲಲ್ಲಿ ಷಡಕ್ಷರಪ್ಪ ಗಡಿಯಾರ ನೋಡಿಕೊಂಡರು. ತಲೆನೋವು ಎಂದು ಎದ್ದುಹೋಗಿಬಿಡಲೇ ಎನಿಸಿತು. ಹನ್ನೆರಡೂ ಕಾಲಿಗೆ ಒಂದು ಬಸ್ಸಿದೆ. ಮೂರ್ತಿ ಮೇಷ್ಟ್ರು ಹೇಗೋ ಸಂಭಾಳಿಸುತ್ತಾರೆ. ಆದರೆ ಮೊದಲ ಸಾಲಿನಿಂದ ಎದ್ದರೆ ಪರದೆಗೆ ಅಡ್ಡ ಬರುತ್ತದೆ, ನಲವತ್ತು ಜನರೂ ನೋಡುತ್ತಾರೆ. ಇನ್ನೇನು ಮಾಡುವುದು ಎಂದು ತೋಚದೆ, ಮೂವತ್ತೊಂದು ವರ್ಷ ಮಾಡಿದ್ದನ್ನೇ ಮಾಡಿದರು. ಕಿವಿ ಮುಚ್ಚಿಕೊಂಡವರಂತೆ ಕೂತು ಕೈ ನೋಡಿದರು.

ಕೊನೆಯ ದೃಶ್ಯ ಬಂತು. ಅದರಲ್ಲಿ ಮಾತಿಲ್ಲ, ಆದ್ದರಿಂದ ಕೆಳಗೆ ಸಾಲುಗಳೂ ಇಲ್ಲ. ಅಕ್ಕ ಖಾಲಿ ಚೀಲ ಹಿಡಿದು ನಿಂತಿದ್ದಾಳೆ. ಬಾಗಿಲಲ್ಲಿ ದೆವ್ವ. ಗಿರಣಿಯವ ಬಲಗೈಯನ್ನು ಮೆಲ್ಲಗೆ ಜೇಬಿನಿಂದ ತೆಗೆದು, ನಿಂತ ಬೀಸುಗಲ್ಲಿನ ಮೇಲೆ ಅವಳೆದುರಿಗೆ ಇಟ್ಟು, ಬೆರಳು ಬಿಡಿಸುತ್ತಾನೆ. ಗಾಯವಿಲ್ಲ, ಕಲೆಯಿಲ್ಲ. ಅವಳು ಆ ಕೈಯನ್ನೇ ನೋಡುತ್ತಾಳೆ. ಬಾಗಿಲಲ್ಲಿ ಈಗ ಯಾರೂ ಇಲ್ಲ.

ಬಟ್ಟೆ ಸುತ್ತಿರಬೇಕಲ್ಲ ಎಂದ ಹೆಂಡತಿಯ ಮಾತು ಆಗ ಷಡಕ್ಷರಪ್ಪನವರ ತಲೆಯೊಳಗೆ ಗಂಟೆ ಬಾರಿಸಿತು.

ದೀಪ ಹತ್ತಿತು. "ಇದೆಂಥ ಕೊನೆ ಮಾರಾಯ್ರೆ," ಎಂದರು ಕೊಟ್ರಬಸಪ್ಪ ಮೈಮುರಿಯುತ್ತ. "ಕೈ ತೆಗೆದ, ಇಟ್ಟ, ಮುಗೀತು." ಬಹಳ ಜನ ತಲೆಯಾಡಿಸಿದರು. ಮೂರ್ತಿ ಮೇಷ್ಟ್ರು ಷಡಕ್ಷರಪ್ಪನವರ ಕಡೆ ಕೈ ತೋರಿದರು.

ಅವರು ಎದ್ದು ಮುಂದೆ ಹೋಗಿ ನಿಂತರು. ಹಾಳೆ ತೆಗೆದರು, ನೋಡಿದರು, ಮಡಚಿ ಮತ್ತೆ ಜೇಬಿಗಿಟ್ಟರು.

"ನಾನು ಬರ್ಕೊಂಡು ಬಂದ ಕತೆ ತಪ್ಪು," ಎಂದರು. "ನಮ್ಮನೆ ಪ್ಲೇಯರ್‌ಗೆ ರಿಮೋಟ್ ಇಲ್ಲ. ಮಾತು ಒಂದೂ ತಿಳೀದೆ ಒಂಬತ್ತು ಸಲ ನೋಡಿದೆ. ಇವತ್ತು ಕೊಟ್ರಬಸಪ್ನೋರು ಹೇಳಿದ್ಮೇಲೆ ಗೊತ್ತಾಯ್ತು, ನಾನೊಂದು ಬೇರೆ ಸಿನಿಮಾನೇ ನೋಡಿದೀನಿ ಅಂತ."

ನಗು ಎದ್ದಿತು. ಅವರು ಆ ನಗು ಮುಗಿಯುವವರೆಗೂ ಕಾದರು. ಆಮೇಲೆ ತಮ್ಮ ತಪ್ಪು ಕತೆಯನ್ನು ಇದ್ದ ಹಾಗೆಯೇ ಹೇಳಿದರು. ಕ್ರೇನಿನ ಸನ್ನೆಗಳನ್ನು ಒಂದೊಂದಾಗಿ ಮಾಡಿ ತೋರಿಸಿದರು. ಪುಟ್ಟಯ್ಯ ಯಾರು ಎಂದು ಹೇಳಿದರು. ನಗು ಎಲ್ಲಿ ನಿಂತಿತೋ ಯಾರಿಗೂ ತಿಳಿಯಲಿಲ್ಲ.

"ಒಂದು ಮಾತ್ರ ಕೇಳ್ತೀನಿ," ಎಂದರು ಕೊನೆಗೆ. "ಗುಂಡಿನ ಸದ್ದಾದ ಮೇಲೆ ಆ ಮನುಷ್ಯನ ಬಲಗೈ ಯಾರಾದ್ರೂ ನೋಡಿದ್ರಾ?"

ಯಾರೂ ನೋಡಿರಲಿಲ್ಲ.

"ಜೇಬಲ್ಲೇ ಇತ್ತು. ಹನ್ನೊಂದು ಕಡೆ ಬರುತ್ತೆ. ಉಣ್ಣೋದು ಎಡಗೈ, ಮೂಟೆ ಕಟ್ಟೋದು ಎಡಗೈ ಮತ್ತೆ ಹಲ್ಲು. ಗಾಯ ಅಂದ್ಕೊಂಡಿದ್ದೆ. ನಮ್ಮನೆಯೋರು ಗಾಯ ಅಲ್ಲ ಅಂದ್ರು, ನಾನು ಕೇಳಲಿಲ್ಲ. ಇವನೇ ತೋರಿಸಿಕೊಟ್ಟ ಅಂತ ಇವತ್ತು ಗೊತ್ತಾಯ್ತಲ್ಲ, ಆವಾಗ ತಿಳೀತು. ತೋರಿಸಿದ್ದು ಆ ಬೆರಳಲ್ಲಿ. ಅದಕ್ಕೇ ಆ ಕೈಲಿ ಅನ್ನ ಮುಟ್ಟಲಿಲ್ಲ, ಕೆಲಸ ಮಾಡಲಿಲ್ಲ. ಕೊನೇಲಿ ಆ ಕೈ ತೆಗೆದು ಅಕ್ಕನ ಮುಂದೆ ಇಟ್ಟ. ನಾನೇ ಅಂತ ಒಪ್ಕೊಂಡ. ಅಷ್ಟು ಸಾಕಾಯ್ತು ಸತ್ತವನಿಗೆ. ಹೋದ."

ಮೂರ್ತಿ ಮೇಷ್ಟ್ರು ಎದ್ದು ಸಿನಿಮಾವನ್ನು ಹಿಂದಕ್ಕೆ ಓಡಿಸಿದರು. ಮೂಟೆ ಕಟ್ಟುವ ದೃಶ್ಯ ಹಾಕಿದರು. ಜೇಬು. ಊಟದ ದೃಶ್ಯ. ಜೇಬು. ದೀಪ ಹಚ್ಚುವ ದೃಶ್ಯ. ಜೇಬು. ನಲವತ್ತು ಜನ ಶಾಲೆಯ ಮಕ್ಕಳ ಹಾಗೆ ಎಣಿಸಿದರು. ಹನ್ನೊಂದು.

ಕೊಟ್ರಬಸಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಅಲ್ಲ ಮಾರಾಯ್ರೆ, ನಾನು ಕೆಳಗಿನ ಅಕ್ಷರ ಓದ್ತಾ ಓದ್ತಾ ಮೇಲಿನ ಸಿನಿಮಾನೇ ಬಿಟ್ಟುಬಿಟ್ಟೆ," ಎಂದರು. ಮೆಟ್ಟಿಲು ಇಳಿಯುವಾಗ ಹತ್ತಿರ ಬಂದು, "ಮುಂದಿನ ಸಲನೂ ನಿಮ್ಮ ಪಕ್ಕನೇ ಕೂರ್ತೀನಿ. ಅಕ್ಷರ ನಾನು ಹೇಳ್ತೀನಿ, ಕೈ ನೀವು ಹೇಳಿ," ಎಂದು ಬಸ್ ಸ್ಟ್ಯಾಂಡಿನವರೆಗೂ ಸ್ಕೂಟರಿನಲ್ಲಿ ಬಿಟ್ಟುಬಂದರು.

ಜನ್ನಾಪುರ ಮುಟ್ಟುವಾಗ ಮೂರು ಗಂಟೆ. ದಾಕ್ಷಾಯಣಮ್ಮ ಉಣ್ಣದೆ ಕಾದಿದ್ದರು. ಷಡಕ್ಷರಪ್ಪ ಕಾಲು ತೊಳೆದು ಕೂತು, ಮೊದಲನೆಯ ತುತ್ತಿನಿಂದಲೇ ಎಲ್ಲ ಹೇಳಿದರು. ಸೋದರಮಾವ ಬಿದ್ದುಹೋದದ್ದು, ಮುಷ್ಟಿ ಸಲಾಮಾದದ್ದು, ಹನ್ನೊಂದು ಎಣಿಸಿದ್ದು.

"ನಿನ್ನ ಮಾತೇ ಸರಿ. ಗಾಯ ಅಲ್ಲ ಅದು. ಎಲ್ಲರ ಮುಂದೆ ಹೇಳಿ ಬಂದಿದೀನಿ."

"ನನ್ನ ಹೆಸರು ಹೇಳಿದ್ರಾ?"

"ನಮ್ಮನೆಯೋರು ಅಂದೆ."

"ಹೆಸರೇ ಹೇಳಬಹುದಿತ್ತು," ಎಂದು ದಾಕ್ಷಾಯಣಮ್ಮ ಮುಖ ಆ ಕಡೆ ತಿರುಗಿಸಿ ನಕ್ಕು, ಅವರೆಕಾಳಿನ ಸಾರು ಬಡಿಸಿದರು. ಷಡಕ್ಷರಪ್ಪ ಎಡಗೈ ಮುಷ್ಟಿ ಎತ್ತಿದರು. ಸೌಟು ನಿಲ್ಲಲಿಲ್ಲ. ಇನ್ನೊಂದು ಸೌಟು ತಟ್ಟೆಗೆ ಬಿತ್ತು.

"ಏನೇ ಇದು, ಕಾಣಲಿಲ್ವಾ?"

"ಕಾಣ್ತು. ನಮಸ್ಕಾರ ಅಂದ್ಕೊಂಡೆ."

ಷಡಕ್ಷರಪ್ಪ ಮುಷ್ಟಿ ಬಿಚ್ಚಿ, ಆ ಸಾರಿಗೆ ಇನ್ನಷ್ಟು ಅನ್ನ ಹಾಕಿಸಿಕೊಂಡು ಉಂಡರು.